ಹಳೇ ಬೋಟು, ಮನೇಲೇ ಮಾಡಿದ ಶೇಪರ್

ಅಟ್ಲಾಂಟಾ ಹತ್ತಿರದ ಲೇನಿಯರ್ ಕೆರೆಯಲ್ಲಿ ನನ್ನ 2004ರ ವಿ-ಡ್ರೈವ್ (ಪ್ರೊಪೆಲ್ಲರ್ ತಳದಡಿಗೇ ಇರುವ) ಬೋಟಿನ ಹಿಂದೆ ಈಗ ಹಗ್ಗ ಬಿಟ್ಟು, ಬೋಟೇ ಎಬ್ಬಿಸಿದ ಅಲೆಯ ಮೇಲೆ ಆರಾಮಾಗಿ ಸರ್ಫ್ ಮಾಡಬಹುದು. ಹೊಸ ಬೋಟ್ ಇಲ್ಲದೆ ಇದು ಆಗೋ ಮಾತಲ್ಲ ಅಂದಿದ್ದ ಅಟ್ಲಾಂಟಾದ ಗೆಳೆಯರು ಈಗ ಅದೇ ಅಲೆಗೆ ಸರದಿ ಕಾಯುತ್ತಾರೆ. ಅಲೆಗೆ ಆಕಾರ ಕೊಡುವ ಗೇಟ್ (ಹಿಂದೆ ಜೋಡಿಸಿದ ಹಲಗೆ) ಕಂಪನಿಯಿಂದಲೇ ಬರುವ ಹೊಸ ಬೋಟು ಲಕ್ಷ ಡಾಲರ್ ದಾಟುತ್ತದೆ. ಅದೇ ಕೆಲಸಕ್ಕೆ ಬೋಟಿನ ಬದಿಗೆ ಅಂಟಿಸುವ ಹಲಗೆ ಈ ಶೇಪರ್. ನನ್ನದಕ್ಕೆ ಆದದ್ದು 90 ಚಿಲ್ಲರೆ ಡಾಲರ್.

ಮೊದಲು ಎಲ್ಲರಂತೆ, ಅಲೆ ದೊಡ್ಡದಾಗಲಿ ಅಂತ ಭಾರವನ್ನೆಲ್ಲ ಎಡಗಡೆ ಹಿಂದಿನ ಮೂಲೆಗೆ ತುಂಬುತ್ತಿದ್ದೆ. 1100 ಪೌಂಡಿನ ನೀರಿನ ಚೀಲ, ಪಕ್ಕದಲ್ಲಿ ಭಾವಮೈದುನ. ಬೋಟ್ ವಾಲಿತು, ಪೆಟ್ರೋಲ್ ಕುಡಿಯಿತು, ಅಲೆ ಮಾತ್ರ ಗಿಡ್ಡ. ಆಮೇಲೆ ಸುಮಾರು 250 ಡಾಲರ್ ಕೊಟ್ಟು ಸಕ್ಷನ್ ಕಪ್ಪಿನಿಂದ ಅಂಟಿಸುವ ಶೇಪರ್ ತಂದೆ. ವೇಗ 10 ಮೈಲಿ ದಾಟಿದ್ದೇ ತಡ, ಕಿತ್ತುಕೊಂಡಿತು. ಕ್ಲೀಟಿಗೆ (ಬೋಟಿನ ಹಗ್ಗದ ಕೊಕ್ಕೆ) ಹಗ್ಗ ಕಟ್ಟಿದ್ದರಿಂದ ಉಳಿಯಿತು. ಮಾರಿದವರು "ನಿಮ್ಮ ಬೋಟೇ ಸರಿಯಿಲ್ಲ" ಅಂದರು. ಸಿಟ್ಟು ಬಂತು. ನೋಡಿದರೆ ಕಪ್ಪಿನ ಅಂಚು ಸ್ಟಿಕ್ಕರ್ ಮೇಲೆ ಕೂತು ಗಾಳಿ ಎಳೆಯುತ್ತಿತ್ತು.

ಕೊನೆಗೆ ನಾನೇ ಮಾಡಿದೆ. ಗಾಜು ಎತ್ತುವವರ ಪಂಪ್ ಕಪ್ಪು, ಸ್ಟೇನ್‌ಲೆಸ್ ಬೋಲ್ಟು. ಮೊದಲ ಹಲಗೆ ಪ್ಲೈವುಡ್‌ದು, ನೀರು ಕುಡಿದು ಪದರ ಬಿಟ್ಟಿತು. ಈಗಿನದು ಹೋಟೆಲ್ ಅಡುಗೆಮನೆಯ ದಪ್ಪ ಬಿಳಿ ಕಟಿಂಗ್ ಬೋರ್ಡು. ಅಲೆ ಎಡಗಡೆ ಬೇಕಿದ್ದರೆ ಹಲಗೆಯನ್ನು ಎದುರು ಬದಿಗೆ, ಅಂದರೆ ಬಲಗಡೆ, ಹಿಂತುದಿಗೆ ಹತ್ತಿರ ಅಂಟಿಸಬೇಕು. ಆ ಜಾಗವನ್ನು ವಿನೆಗರ್ ಹಾಕಿ ಒರೆಸಿ, ಒದ್ದೆ ಮಾಡಿ ಒತ್ತುತ್ತೇನೆ. ಪಂಪಿನ ಕೆಂಪು ಗೆರೆ ಪೂರ್ತಿ ಮರೆಯಾಗಬೇಕು. ನಿಂತಲ್ಲೇ ಅದು ಇಣುಕಿದರೆ ಹೊರಡಲೇಬೇಡಿ. ಇನ್ನು ಹಲಗೆ ಎಷ್ಟು ಚಾಚಬೇಕು, ಕೋನ ಎಷ್ಟು? ಅದಕ್ಕೆ ಒಂದಿಡೀ ಬೇಸಿಗೆ ಹೋಗಿದೆ. ಸುಮ್ನೆ ಹೇಳಿಬಿಡೋಕಾಗುತ್ತಾ?

ಈಗ ಭಾರ ಎರಡೂ ಕಡೆ ಹೆಚ್ಚುಕಡಿಮೆ ಸಮ, ಸರ್ಫ್ ಕಡೆಗೆ ಒಂಚೂರು ಜಾಸ್ತಿ. ಜನರನ್ನೂ ಸೇರಿಸಿ 2000 ಪೌಂಡ್ ಹತ್ತಿರ. ವೇಗ 10.8. ಮೂತಿಗೆ ಸೀಸದ ಚೀಲ ಇಟ್ಟರೆ ಅಲೆ ಉದ್ದವಾಗುತ್ತದೆ, ಹಿಂದಕ್ಕೆ ಸರಿಸಿದರೆ ಎತ್ತರ. ಮಕ್ಕಳನ್ನೇ ಮುಂದೆ ಹಿಂದೆ ಕೂರಿಸಿಯೂ ನೋಡಿದೆ. ಸೀಸಕ್ಕಿಂತ ಅಗ್ಗ, ಆದರೆ ಇಟ್ಟಲ್ಲಿ ಇರಲ್ಲ. ಎರಡೂ ಕಡೆ ಶೇಪರ್ ಹಾಕಿದ ದಿನ ಎರಡೂ ಅಲೆ ಕೆಟ್ಟವು.

ಔಟ್‌ಬೋರ್ಡ್ (ಎಂಜಿನ್ ಹಿಂಬದಿಗೆ ತೂಗುವ ಬೋಟ್) ಇರುವವರು ಈ ಆಸೆ ಬಿಡಿ. ಪ್ರೊಪೆಲ್ಲರ್ ಹಿಂದೆಯೇ ತಿರುಗುತ್ತಿರುತ್ತದೆ, ಅಲ್ವಾ? ಡಾಕ್‌ಗಳಿಂದ 200 ಅಡಿ ದೂರ ಅಂತ ಜಾರ್ಜಿಯಾ ನಿಯಮ. ಈ ಅಲೆಗೆ ಅದು ಸಾಲದು, ನಾನು ದಡದಿಂದ ಇನ್ನೂ ದೂರ, ಕೆರೆಯ ಮಧ್ಯಕ್ಕೆ ಹೋಗುತ್ತೇನೆ. ಮಗಳು ಗೂಫಿ (ಬಲಗಾಲು ಮುಂದಿಟ್ಟು ನಿಲ್ಲುವವಳು), ಬಲಗಡೆ ಅಲೆ ಬೇಕಂತೆ. ಎಡಗಡೆಗೊಂದು ಹಲಗೆ ಕೊಯ್ಯುತ್ತಿದ್ದೇನೆ.