ಮದುವೆ ಆಲ್ಬಂಗೆ ಫಿಲ್ಮ್ ಬಣ್ಣ: ನಾನು ಸಾಫ್ಟ್‌ವೇರ್ ಆರಿಸಿಕೊಂಡ ಬಗೆ

ದಾವಣಗೆರೆಯಲ್ಲಿ ಮದುವೆ ಫೋಟೋ ತೆಗೆಯುವ ನನಗೆ ಈಗ ಜಾಸ್ತಿ ಬರುವ ಬೇಡಿಕೆ ಇದು: "ಅಣ್ಣಾ, ನಮ್ಮ ಆಲ್ಬಂ ಫಿಲ್ಮ್ ತರ ಕಾಣಬೇಕು." ಅಂದರೆ ಸಿನಿಮಾ ತರ ಅಲ್ಲ, ಹಿಂದೆ ಕ್ಯಾಮೆರಾಗೆ ಹಾಕುತ್ತಿದ್ದ ರೀಲಿನ ಫೋಟೋ ತರ. ಕೆಲವರು ಫೋನಿನಲ್ಲಿ ಸ್ಯಾಂಪಲ್ ತೋರಿಸುತ್ತಾರೆ. ಕೆಲವರು ಅಪ್ಪ-ಅಮ್ಮನ ಮದುವೆ ಆಲ್ಬಂ ಚೀಲದಲ್ಲಿ ಹಾಕಿಕೊಂಡು ಸ್ಟುಡಿಯೋಗೇ ತರುತ್ತಾರೆ. ಇವೆರಡೂ ಒಂದೇ ಅಲ್ಲ. ಬೀರುವಿನಲ್ಲಿಟ್ಟ ಹಳೇ ಕಲರ್ ಪ್ರಿಂಟ್‌ನಲ್ಲಿ ವರ್ಷ ಕಳೆದಂತೆ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಮಾಸಿ, ಚಿತ್ರ ಕೆಂಪಗಾಗಿರುತ್ತದೆ. ಅದು ವಯಸ್ಸಾದ ಪ್ರಿಂಟಿನ ಗುಣ, ಫಿಲ್ಮಿನದಲ್ಲ. ಯಾವುದು ಬೇಕು ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಮಾಸಿದ ಬಣ್ಣವೇ ಬೇಕು ಅನ್ನುವವರಿಗೆ ಕರ್ವ್ಸ್ (ಗೆರೆ ಬಾಗಿಸಿ ಬೆಳಕು, ಬಣ್ಣ ತಿದ್ದುವ ಸಾಧನ) ಇರುವ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಫಿಲ್ಮಿನ ಗುಣ ಬೇಕು ಅಂದಾಗ ಮಾತ್ರ ಹುಡುಕಬೇಕಾಗುತ್ತದೆ.

ಹುಡುಕುವಾಗ ಕಂಪನಿಯವರ ಮಾದರಿ ಚಿತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ನೋಡಿದವು ಬಹುಪಾಲು ಮೋಡದ ಮೆತ್ತನೆ ಬೆಳಕಿನವು. ನಮ್ಮ ಬೆಳಕು ಹಾಗಿಲ್ಲ ಅಲ್ವಾ? ಅದಕ್ಕೆ ನನ್ನವೇ ಮೂರು ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಇಟ್ಟುಕೊಂಡೆ. ಒಂದು ಅರಿಶಿನ ಶಾಸ್ತ್ರದ್ದು, ಒಂದು ಎಲ್‌ಇಡಿ ಲೈಟಿನ ಕಲ್ಯಾಣ ಮಂಟಪದಲ್ಲಿ ಧಾರೆಯದ್ದು, ಇನ್ನೊಂದು ಚಿತ್ರದುರ್ಗದ ಕೋಟೆಯಲ್ಲಿ ಮಟಮಟ ಮಧ್ಯಾಹ್ನ ತೆಗೆದದ್ದು.

ಅರಿಶಿನದ ಫೋಟೋ ಬಲು ಕಠಿಣ ಪರೀಕ್ಷೆ. ಹುಡುಗಿಯ ಕೆನ್ನೆ ಮೇಲೆ ಅರಿಶಿನ, ಮೈಮೇಲೆ ಹಳದಿ ಸೀರೆ, ಹಿಂದೆ ಮಾವಿನ ತೋರಣ. ಫಿಲ್ಮ್ ಲುಕ್ ಹೆಸರಲ್ಲಿ ಸಿಗುವ ಎಷ್ಟೋ ಪ್ರಿಸೆಟ್‌ಗಳು, ಅಂದರೆ ಮೊದಲೇ ಹೊಂದಿಸಿಟ್ಟ ತಿದ್ದುಪಡಿಗಳು, ಇಡೀ ಚಿತ್ರವನ್ನು ಬೆಚ್ಚಗೆ ಮಾಡುತ್ತವೆ. ಆಗ ಅರಿಶಿನ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಕೊಡಾಕ್ 1998ರಲ್ಲಿ ತಂದ ಪೋರ್ಟ್ರಾ ಮನುಷ್ಯರ ಮೈಬಣ್ಣಕ್ಕೆಂದೇ ಮಾಡಿದ ನೆಗೆಟಿವ್ ಫಿಲ್ಮ್. ಅದರ ಲುಕ್ ಅನ್ನು ಅರ್ಧ ಬಲಕ್ಕೆ ಇಳಿಸಿ ಹಾಕಿದಾಗ ಕೆನ್ನೆಯ ಮೇಲಿನ ಆ ಗೆರೆ ಉಳಿಯಿತು. ಹೀಗೆ ಬಲ ಏರಿಸಿ ಇಳಿಸಲು ಬಿಡದ ಸಾಫ್ಟ್‌ವೇರ್‌ಗಳನ್ನು ಅಲ್ಲೇ ಕೈಬಿಟ್ಟೆ. ಇನ್ನೊಂದು ಮಾತು: ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬೆಳಕಿನ ಬಣ್ಣ ಸರಿಪಡಿಸುವುದು) ಮೊದಲು ಸರಿ ಮಾಡಬೇಕು, ಫಿಲ್ಮ್ ಲುಕ್ ಆಮೇಲೆ. ನೇರಳೆ ಎಲ್‌ಇಡಿ ಬಿದ್ದ ಮುಖವನ್ನು ಯಾವ ಲುಕ್ಕೂ ಕಾಪಾಡುವುದಿಲ್ಲ.

ಕೋಟೆಯ ಫೋಟೋ ಬೇರೆಯದೇ ಪಾಠ ಹೇಳಿತು. ಫ್ಯೂಜಿಯ ವೆಲ್ವಿಯಾ 1990ರಲ್ಲಿ ಬಂದ ಸ್ಲೈಡ್ ಫಿಲ್ಮ್, ಬಣ್ಣ ಗಾಢ, ಕಾಂಟ್ರಾಸ್ಟ್ ಜಾಸ್ತಿ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡಿನ ಮಳೆಗಾಲದ ಹಸಿರಿಗೆ ಅದರ ಲುಕ್ ಹಬ್ಬ. ಅದನ್ನೇ ಉರಿಬಿಸಿಲಿನ ಬಂಡೆಗಳ ಮೇಲೆ ಹಾಕಿದರೆ ಸಂದುಗಳ ನೆರಳು ಪೂರ್ತಿ ಕಪ್ಪಾಗಿ ಮುಚ್ಚಿಹೋಗುತ್ತದೆ. ಆ ಬಂಡೆಗೆ ಕೊಡಾಕ್‌ನ ಟ್ರೈ-ಎಕ್ಸ್ ಫಿಲ್ಮ್ ತರದ ಕಪ್ಪು-ಬಿಳುಪೇ ಸರಿ. ಕಲ್ಲಿನ ಒರಟುತನ ಬೆರಳಿಗೆ ಸಿಗುವಂತೆ ಕಾಣುತ್ತದೆ. ನಮ್ಮ ದೇಶದ್ದೇ ಆದ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮಿನ ಲುಕ್ ಮಾತ್ರ ನಾನು ನೋಡಿದ ಪಟ್ಟಿಗಳಲ್ಲಿ ಕಾಣಲಿಲ್ಲ. ಅದೊಂದು ಆಸೆ ಹಾಗೇ ಉಳಿದಿದೆ.

ದುಡ್ಡು ಹಾಕದೆ ಶುರು ಮಾಡುವವರಿಗೆ ರಾಥೆರಪಿ ಮತ್ತು ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್‌ಗಳಿವೆ. ಎರಡೂ ಉಚಿತ, ಲಿನಕ್ಸ್‌ನಲ್ಲೂ ಓಡುತ್ತವೆ. ರಾಥೆರಪಿಯಲ್ಲಿ ಫಿಲ್ಮ್ ಸಿಮ್ಯುಲೇಶನ್ ಅಂತಲೇ ಒಂದು ಜಾಗವಿದೆ. ಫಿಲ್ಮ್‌ಗಳ ಫೈಲ್‌ಗಳನ್ನು ಬೇರೆಯಾಗಿ ಇಳಿಸಿಕೊಂಡು ಸೇರಿಸಬೇಕು. ಆ ಫೈಲ್ ಮಾಡುವ ಕೆಲಸ ಇಷ್ಟೇ: ಈ ಬಣ್ಣ ಬಂದರೆ ಆ ಬಣ್ಣ ಕೊಡು. ಗ್ರೇನ್, ಅಂದರೆ ಫಿಲ್ಮ್ ಫೋಟೋದಲ್ಲಿ ಕಾಣುವ ಸಣ್ಣ ಸಣ್ಣ ಕಾಳು, ಅದರಲ್ಲಿ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಡಾರ್ಕ್‌ಟೇಬಲ್‌ನಲ್ಲಿ ಗ್ರೇನ್‌ಗೆ ಪ್ರತ್ಯೇಕ ಮಾಡ್ಯೂಲ್ ಇದೆ. ಕಲಿಯಲು ತಾಳ್ಮೆ ಬೇಕು ಅಷ್ಟೇ.

ಮದುವೆ ಕೆಲಸಕ್ಕೆ ನಾನು ಅಡೋಬಿಯ ಲೈಟ್‌ರೂಮ್‌ನಲ್ಲೇ ನಿಂತೆ. ತಿಂಗಳ ಬಾಡಿಗೆ ಕಟ್ಟಬೇಕು ನಿಜ, ಆದರೆ ಒಂದು ಮದುವೆ ಅಂದರೆ ಸಾವಿರಾರು ಫೋಟೋ. ಒಂದಕ್ಕೆ ಮಾಡಿದ್ದನ್ನು ಉಳಿದವಕ್ಕೆ ಸಿಂಕ್ ಮಾಡುವ ಸುಖ ದೊಡ್ಡದು. ಅದರಲ್ಲೂ ಪ್ರಿಸೆಟ್‌ಗಿಂತ ಪ್ರೊಫೈಲ್ (ಫೋಟೋದ ಮೂಲ ಬಣ್ಣ ಹೇಗಿರಬೇಕು ಅಂತ ಹೇಳುವ ಫೈಲ್) ನನಗಿಷ್ಟ. ಪ್ರಿಸೆಟ್ ಸ್ಲೈಡರ್‌ಗಳನ್ನೇ ಎಳೆದುಬಿಡುತ್ತದೆ. ಪ್ರೊಫೈಲ್ ಸ್ಲೈಡರ್ ಮುಟ್ಟುವುದಿಲ್ಲ, ಹಾಗಾಗಿ ಒಂದೊಂದು ಫೋಟೋದ ಬೆಳಕನ್ನು ಆಮೇಲೂ ಆರಾಮಾಗಿ ತಿದ್ದಬಹುದು. ಕೋಟೆ, ಊರಜಾತ್ರೆಯಂಥ ನನ್ನ ಸ್ವಂತ ಚಿತ್ರಗಳಿಗೆ ಫಿಲ್ಮ್ ಲುಕ್‌ಗೆಂದೇ ಇರುವ ಡಿಎಕ್ಸ್‌ಒ ಫಿಲ್ಮ್‌ಪ್ಯಾಕ್ ಸಾಫ್ಟ್‌ವೇರ್ ತೆಗೆದುಕೊಂಡೆ. ಒಮ್ಮೆ ಕೊಟ್ಟರೆ ಮುಗಿಯಿತು, ಬಾಡಿಗೆ ಇಲ್ಲ. ಅದರ ಗ್ರೇನ್ ಸುಮ್ನೆ ಮೇಲೆ ಉದುರಿಸಿದ ಹಾಗೆ ಕಾಣದೆ ಚಿತ್ರದ ಒಳಗೇ ಕೂರುತ್ತದೆ. ಕೊಳ್ಳುವ ಮುಂಚೆ ಟ್ರಯಲ್‌ನಲ್ಲಿ ಅದೇ ಮೂರು ಫೈಲ್ ಹಾಕಿ ನೋಡಿದ್ದೆ.

ಗ್ರೇನ್ ಎಷ್ಟಿರಬೇಕು ಅನ್ನೋದನ್ನು ಸ್ಕ್ರೀನ್ ಮೇಲೆ ನಿರ್ಧರಿಸುವುದಿಲ್ಲ. ನೂರಕ್ಕೆ ನೂರು ಜೂಮ್‌ನಲ್ಲಿ ಜಾಸ್ತಿ ಅನಿಸಿದ್ದು 12×36 ಇಂಚಿನ ಆಲ್ಬಂ ಶೀಟ್‌ನಲ್ಲಿ ಹದವಾಗಿ ಬರುತ್ತದೆ. ಅದೇ ಫೋಟೋ ವಾಟ್ಸಾಪ್‌ನಲ್ಲಿ ಹೋದರೆ ಗ್ರೇನ್ ಕಲಸಿ ಕಲೆ ಕಲೆಯಾಗುತ್ತದೆ. ಅದಕ್ಕೆ ಫೋನಿಗೆ ಕಳಿಸುವ ಕಾಪಿಯನ್ನು ಗ್ರೇನ್ ಇಲ್ಲದೆ ಬೇರೆ ಮಾಡುತ್ತೇನೆ.

ಇಡೀ ಆಲ್ಬಂ ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಶೀಟ್ ಮಾತ್ರ ಹಾಕಿಸಿ, ಮನೆಯವರನ್ನು ಕರೆದು ಹಗಲು ಬೆಳಕಿನಲ್ಲಿ ತೋರಿಸುತ್ತೇನೆ. ಫಿಲ್ಮ್ ಲುಕ್‌ನಲ್ಲಿ ಮೊದಲು ದಾರಿ ತಪ್ಪುವುದು ರೇಷ್ಮೆ ಸೀರೆಯ ಬಣ್ಣ. ಹುಡುಗಿಯ ಅಮ್ಮ ಧಾರೆ ಸೀರೆಯನ್ನೇ ತಂದು ಶೀಟ್ ಪಕ್ಕ ಹಿಡಿದು ನೋಡುತ್ತಾರೆ. ಅವರು ಸರಿ ಇದೆ ಅಂದ ಮೇಲೆ ಉಳಿದ ಶೀಟ್‌ಗಳು ಲ್ಯಾಬ್‌ಗೆ ಹೋಗುತ್ತವೆ.