ರಕ್ತಹೀನತೆ ಇರುವವರು ಸೌಂದರ್ಯ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವ ಬಗೆ

ಅಪೆಂಡಿಕ್ಸ್ ಒಡೆದವರಿಗೆ ಹಿಮೋಗ್ಲೋಬಿನ್ ಏರುವವರೆಗೆ ಕಾಯುವ ಅವಕಾಶವಿಲ್ಲ. ಹೊಟ್ಟೆಯ ಸಡಿಲ ಚರ್ಮವನ್ನು ಬಿಗಿ ಮಾಡಿಸಿಕೊಳ್ಳಲು ಹೊರಟವರಿಗೆ ಅದು ಧಾರಾಳವಾಗಿದೆ. ಆದರೂ ಅನೇಕರು ಮೊದಲು ದಿನಾಂಕ ಗೊತ್ತುಮಾಡಿ, ಮುಂಗಡ ಕಟ್ಟಿ, ಕೊನೆಯ ವಾರದಲ್ಲಿ ರಕ್ತ ಪರೀಕ್ಷೆಗೆ ಹೋಗುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯ ಯೋಚನೆ ಗಟ್ಟಿಯಾದ ಕೂಡಲೇ, ಅಂದರೆ ಎರಡು ಮೂರು ತಿಂಗಳು ಮೊದಲೇ, ರಕ್ತ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶ ನೋಡಿ ದಿನಾಂಕ ಗೊತ್ತುಮಾಡಿ.

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ವಯಸ್ಕ ಗಂಡಸರಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 13 ಗ್ರಾಂಗಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ರಕ್ತ ಹೆಚ್ಚು ಹೋಗುವ ಶಸ್ತ್ರಚಿಕಿತ್ಸೆಯ ಮುನ್ನ ಹೆಂಗಸರಲ್ಲೂ 13 ಇರಲಿ ಎನ್ನುವ ತಜ್ಞರಿದ್ದಾರೆ. ಚಿಕ್ಕ ಮೈಯಲ್ಲಿ ಒಟ್ಟು ರಕ್ತವೇ ಕಡಿಮೆಯಿರುವುದರಿಂದ ಅಷ್ಟೇ ನಷ್ಟವೂ ಹೆಚ್ಚು ಬಾಧಿಸುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ಎಂದು ತೋರಿಸಿದರೆ ನಿಶ್ಚಿಂತರಾಗಬೇಡಿ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಗೊತ್ತಿಲ್ಲ.

ಸಂಖ್ಯೆಗಿಂತ ಕಾರಣ ಮುಖ್ಯ. ವರದಿಯಲ್ಲಿ ಕೆಂಪು ಕಣಗಳ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಇರಬಹುದು, ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕತ್ವವೂ ಇರಬಹುದು. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯ ಅನುಮಾನ ಬರುತ್ತದೆ. ಜೊತೆಗೆ ಫೆರಿಟಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಅದು 30ಕ್ಕಿಂತ ಕೆಳಗಿದ್ದರೆ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿದೆ ಎಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಥಲಸ್ಸೇಮಿಯಾ ವಾಹಕರಲ್ಲಿ ಫೆರಿಟಿನ್ ಸರಿಯಿದ್ದರೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುವುದಿಲ್ಲ. ಇನ್ನು ಕಬ್ಬಿಣ ಕಡಿಮೆಯಾದದ್ದೇಕೆ? ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ, ಹೊಟ್ಟೆ ಹುಣ್ಣು ಸಾಮಾನ್ಯ ಕಾರಣಗಳು. ಗಂಡಸರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಕರುಳಿನ ಕ್ಯಾನ್ಸರ್ ಇಲ್ಲವೆಂದು ಖಚಿತವಾಗುವ ಮೊದಲು ಮುಖದ ಸುಕ್ಕಿನ ಮಾತೆತ್ತುವುದು ಸರಿಯಲ್ಲ.

ಕಬ್ಬಿಣದ ಮಾತ್ರೆಯನ್ನು ವೈದ್ಯರು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರೆ ಅದು ಜಿಪುಣತನವಲ್ಲ. ಒಂದು ಮಾತ್ರೆಯ ನಂತರ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನದ ಮಟ್ಟಿಗೆ ಕರುಳಿನ ಬಾಗಿಲನ್ನು ಅರ್ಧ ಮುಚ್ಚಿಬಿಡುತ್ತದೆ. ಚಹಾ, ಕಾಫಿ, ಕ್ಯಾಲ್ಸಿಯಂ ಮಾತ್ರೆ, ಆ್ಯಂಟಾಸಿಡ್‌ಗಳನ್ನು ಅದರೊಂದಿಗೆ ಸೇವಿಸಬೇಡಿ. ಮದ್ದು ಹತ್ತಿದರೆ ಹಿಮೋಗ್ಲೋಬಿನ್ ಎರಡರಿಂದ ನಾಲ್ಕು ವಾರಗಳಲ್ಲಿ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಕಾರಣ ಹುಡುಕಬೇಕೇ ಹೊರತು ಮಾತ್ರೆಯ ಬ್ರ್ಯಾಂಡ್ ಬದಲಿಸುತ್ತ ಕೂರಬಾರದು. ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಈಗ ಜೋಲುಬಿದ್ದ ಚರ್ಮ ತೆಗೆಸಲು ಬಂದವರಲ್ಲಿ, ಕಬ್ಬಿಣ ಹೀರುವ ಕರುಳಿನ ಭಾಗವೇ ಆಹಾರದ ದಾರಿಯಿಂದ ತಪ್ಪಿರುವುದರಿಂದ, ಮಾತ್ರೆ ಸಾಲದೆ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕಾಗಬಹುದು. ಆ ಡ್ರಿಪ್ ರಕ್ತನಾಳದ ಹೊರಗೆ ಸೋರಿದರೆ ತೋಳಿನ ಚರ್ಮದಲ್ಲಿ ಕಂದು ಕಲೆ ಬಹುಕಾಲ ಉಳಿಯಬಹುದು; ಅಂದಕ್ಕಾಗಿ ಹೊರಟವರು ಸೂಜಿಯ ಜಾಗದಲ್ಲಿ ಉರಿ, ಊತ ಕಂಡ ತಕ್ಷಣ ನರ್ಸ್ ಅವರನ್ನು ಕರೆಯಬೇಕು.

ಎಲ್ಲ ಶಸ್ತ್ರಚಿಕಿತ್ಸೆಗಳೂ ಒಂದೇ ಅಲ್ಲ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಹೋಗುವ ರಕ್ತ ಅತ್ಯಲ್ಪವಾದ್ದರಿಂದ ತೀರ ಸೌಮ್ಯ ರಕ್ತಹೀನತೆಯಲ್ಲಿ ವೈದ್ಯರು ಒಪ್ಪಬಹುದು. ಕೊಬ್ಬನ್ನು ಹೀರಿ ತೆಗೆಯುವ ಲಿಪೊಸಕ್ಷನ್‌ನಲ್ಲಿ ಮೊದಲು ರಕ್ತನಾಳಗಳನ್ನು ಕುಗ್ಗಿಸುವ ದ್ರಾವಣವನ್ನು ತುಂಬುವ ಟ್ಯುಮೆಸೆಂಟ್ ವಿಧಾನದಲ್ಲಿ ರಕ್ತ ನಷ್ಟ ಹೀರಿದ ಪ್ರಮಾಣದ ಸುಮಾರು ಶೇ. 1ರಷ್ಟು ಮಾತ್ರ, ಹಳೆಯ ಒಣ ವಿಧಾನದಲ್ಲಿ ಅದು ಶೇ. 20ರಿಂದ 45ರವರೆಗೂ ಇರುತ್ತಿತ್ತು. ಆದರೆ 5 ಲೀಟರ್ ದಾಟುವ ಲಿಪೊಸಕ್ಷನ್, ಸುತ್ತಲೂ ಚರ್ಮ ಕತ್ತರಿಸುವ ಬಾಡಿ ಲಿಫ್ಟ್, ಒಂದೇ ದಿನ ಎರಡು ಮೂರು ಶಸ್ತ್ರಚಿಕಿತ್ಸೆಗಳನ್ನು ಸೇರಿಸುವುದು ಬೇರೆಯೇ ಲೆಕ್ಕ. ಬೇರೆ ಬೇರೆ ದಿನ ಮಾಡಬಹುದೇ ಎಂದು ಕೇಳಿ. ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧಿ ನಿಮಗೆ ಹೊಂದುತ್ತದೆಯೇ ಎಂದೂ ಕೇಳಿ. ರಕ್ತ ಕಡಿಮೆಯಾದರೆ ಕೊಟ್ಟರಾಯಿತು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಐಚ್ಛಿಕ ಶಸ್ತ್ರಚಿಕಿತ್ಸೆಯ ಯೋಜನೆಯಲ್ಲಿ ರಕ್ತಪೂರಣಕ್ಕೆ ಜಾಗವಿರಬಾರದು.

ಅರಿವಳಿಕೆ ತಜ್ಞರ ಮುಂದೆ ಏನನ್ನೂ ಮುಚ್ಚಿಡಬೇಡಿ. ಬಿ12 ಕೊರತೆಯನ್ನು ವಿಶೇಷವಾಗಿ ಹೇಳಿ, ಏಕೆಂದರೆ ಅರಿವಳಿಕೆಯಲ್ಲಿ ಬಳಸುವ ನೈಟ್ರಸ್ ಆಕ್ಸೈಡ್ ಅನಿಲವು ಉಳಿದಿರುವ ಬಿ12 ಅನ್ನೂ ನಿಷ್ಕ್ರಿಯಗೊಳಿಸಿ ನರಗಳಿಗೆ ಹಾನಿ ಮಾಡಬಲ್ಲದು. ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇದ್ದರೆ ರಕ್ತರೋಗ ತಜ್ಞರ ಸಲಹೆಯಿಲ್ಲದೆ ಮುಂದುವರಿಯಲೇಬಾರದು. ಆಸ್ಪಿರಿನ್, ನೋವಿನ ಮಾತ್ರೆ, ಮೀನೆಣ್ಣೆ, ಗಿಂಕೊದಂಥ ಪೂರಕಗಳ ಪಟ್ಟಿ ಕೊಡಿ. ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಹಾಸಿಗೆಯಿಂದ ಏಳುವಾಗ ಕಾಲು ಕೆಳಗಿಳಿಸಿ ಒಂದೆರಡು ನಿಮಿಷ ಅಂಚಿನಲ್ಲೇ ಕುಳಿತು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಏಳಿ. ಎದೆಬಡಿತ ಜೋರಾದರೆ, ಉಸಿರು ಕಟ್ಟಿದರೆ, ಹೊಲಿಗೆಯ ಸುತ್ತ ಊತ ಏರುತ್ತಲೇ ಹೋದರೆ ತಡಮಾಡದೆ ತಿಳಿಸಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಾಗಿ ದುರ್ನಾತ ಬೀರುವುದು ಸಹಜವಲ್ಲ. ಒಪಿಯಾಯ್ಡ್ ನೋವುನಿವಾರಕವೂ ಕಬ್ಬಿಣವೂ ಎರಡೂ ಮಲಬದ್ಧತೆ ತರುವುದರಿಂದ, ಹೊಟ್ಟೆಯ ಹೊಲಿಗೆ ಹಸಿಯಾಗಿರುವ ಆ ಕೆಲವು ದಿನ ಕಬ್ಬಿಣವನ್ನು ನಿಲ್ಲಿಸಬೇಕೇ, ಮಲ ಸಡಿಲಿಸುವ ಔಷಧಿ ಸೇರಿಸಬೇಕೇ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.