ಸಿಬೋಸ್‌ನಲ್ಲಿ ನಾಲ್ಕು ದಿನ, ಆಂಜನೇಯ ದೇವಸ್ಥಾನದ ಎದುರು

2023ರ ಗಣೇಶನ ಹಬ್ಬದ ದಿನ ನಾನು ಟೊರೊಂಟೊದಲ್ಲಿದ್ದೆ. ಸೆಪ್ಟೆಂಬರ್ 18, ಸೋಮವಾರ. ಊರಲ್ಲಿ ಹಬ್ಬದ ಗಲಾಟೆಯೆಲ್ಲ ಮುಗಿಸಿ ಅಮ್ಮ ಮಲಗೋ ಮುಂಚೆ ಫೋನ್ ಮಾಡಿದಾಗ ಟೊರೊಂಟೊದಲ್ಲಿ ಮಧ್ಯಾಹ್ನ. ಸ್ಟಾಲಿನ ಹಿಂದೆ ನಿಂತು ತಣ್ಣಗಿನ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. "ಅದೇನೋ ಬ್ಯಾಂಕಿನವರ ಜಾತ್ರೆ ಅಂದ್ಯಲ್ಲ, ವ್ಯಾಪಾರ ಆಯ್ತೇನೋ?" ಅಂದರು.

ಜಾತ್ರೆ ಅನ್ನೋದು ಸರಿಯಾದ ಮಾತೇ. ಸಿಬೋಸ್ ಅಂದರೆ ಬ್ಯಾಂಕಿನವರ ವಾರ್ಷಿಕ ಸಮ್ಮೇಳನ. ನಡೆಸೋದು ಸ್ವಿಫ್ಟ್, ಅಂದರೆ ದೇಶದಿಂದ ದೇಶಕ್ಕೆ ಹಣ ಹೋಗುವಾಗ ಬ್ಯಾಂಕುಗಳ ನಡುವೆ ಸಂದೇಶ ಮುಟ್ಟಿಸುವ ಬೆಲ್ಜಿಯಂನ ಸಂಸ್ಥೆ. (ಸಂದೇಶ ಮಾತ್ರ, ಹಣ ಅಲ್ಲ. ಇದನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದರೂ ಯಾರೂ ನಂಬಲ್ಲ.) ಸಿಬೋಸ್ 1978ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುವಾಗಿದ್ದು. ವರ್ಷಕ್ಕೊಂದು ಊರು: 2019ರಲ್ಲಿ ಲಂಡನ್, ಕೋವಿಡ್ ಬಂದು ಎರಡು ವರ್ಷ ಆನ್‌ಲೈನ್, 2022ರಲ್ಲಿ ಆಮ್‌ಸ್ಟರ್‌ಡ್ಯಾಮ್, ಆಮೇಲೆ ಟೊರೊಂಟೊ.

ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವವನು. ಹೋಗಬೇಕಿದ್ದವರು ಸೇಲ್ಸ್‌ನವರು. ಅವರ ವೀಸಾ ಟೈಮಿಗೆ ಬರಲಿಲ್ಲ, ನನ್ನದು ಮೊದಲೇ ಇತ್ತು. ಹಾಗಾಗಿ ಮಾರುವುದು ಗೊತ್ತಿಲ್ಲದವನು ಮಾರಲು ಹೊರಟೆ. ಹೋಟೆಲ್ ರೇಟು ಕೇಳಿ ಬೆಚ್ಚಿಬಿದ್ದು, ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿರುವ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆ. ದಿನಾ ಗೋ ಟ್ರೈನ್ ಹಿಡಿದು ಯೂನಿಯನ್ ಸ್ಟೇಷನ್. ಅಲ್ಲಿಂದ ನಡೆದರೆ ಸಿಎನ್ ಟವರ್ ಪಕ್ಕದಲ್ಲೇ ಕನ್ವೆನ್ಷನ್ ಸೆಂಟರ್.

ಎರಡು ತಿಂಗಳ ಮುಂಚೆಯೇ ಮೀಟಿಂಗ್‌ಗೆ ಮೇಲ್ ಹಾಕಿದ್ದೆ. ಸಿಬೋಸ್‌ನಲ್ಲಿ ಸುಮ್ನೆ ಸ್ಟಾಲಿಗೆ ಬರೋರು ಬಹಳ ಮಟ್ಟಿಗೆ ಪೆನ್ನು, ಚಾಕೊಲೇಟಿಗೆ ಬರುತ್ತಾರೆ. ಕೆಲಸದ ಜನರ ಡೈರಿ ಮೊದಲೇ ತುಂಬಿರುತ್ತೆ. ನಲವತ್ತು ಮೇಲ್‌ಗೆ ಒಂಬತ್ತು ಉತ್ತರ ಬಂತು. ತಪ್ಪು ಮಾಡಿದ್ದು ಎಲ್ಲಿ ಅಂದರೆ, ಅರ್ಧರ್ಧ ಗಂಟೆಗೆ ಒಂದರಂತೆ ಅವನ್ನು ಒಂದರ ಹಿಂದೊಂದು ಜೋಡಿಸಿಬಿಟ್ಟೆ. ಆ ಸೆಂಟರ್ ಎರಡು ಕಟ್ಟಡ, ನಡುವೆ ರೈಲು ಹಳಿ, ಮೇಲೊಂದು ಸೇತುವೆ. ಮೊದಲ ದಿನ ಮೂರು ಕಡೆ ಏದುಸಿರು ಬಿಡುತ್ತಾ ಹೋಗಿ ಕ್ಷಮೆ ಕೇಳಿದೆ.

ಆ ವರ್ಷ ಎಲ್ಲರ ಬಾಯಲ್ಲೂ ಐಎಸ್‌ಒ 20022, ಅಂದರೆ ಪಾವತಿ ಸಂದೇಶ ಹೇಗಿರಬೇಕು ಅನ್ನೋ ಮಾನದಂಡ. ಸ್ವಿಫ್ಟ್‌ನ ಹಳೇ 'ಎಂಟಿ' ಸಂದೇಶದ ಜಾಗಕ್ಕೆ, ಪ್ರತಿ ವಿವರಕ್ಕೂ ಬೇರೆ ಖಾನೆ ಇರುವ ಹೊಸ ಎಕ್ಸ್‌ಎಂಎಲ್ ನಮೂನೆ ಮಾರ್ಚ್‌ನಲ್ಲಿ ಶುರುವಾಗಿತ್ತು. 2025ರ ನವೆಂಬರ್‌ವರೆಗೆ ಎರಡೂ ಜೊತೆಗೆ ನಡೆಯಬೇಕಿತ್ತು. ನಮ್ಮ ಸಾಫ್ಟ್‌ವೇರ್ ಮಾಡೋದು ಹಳೆಯದನ್ನು ಹೊಸದಕ್ಕೆ ತಿರುಗಿಸುವ ಕೆಲಸ.

ಎರಡನೇ ದಿನ ಯುರೋಪಿನ ಒಂದು ಬ್ಯಾಂಕಿನ ಆಪರೇಷನ್ಸ್ ಮೇಡಂ ಬಂದರು. ಡೆಮೊ ತೋರಿಸಿದೆ. ಲಂಡನ್ನಿನ ಒಂದು ನೀಟಾದ ವಿಳಾಸ, ಮನೆ ನಂಬರು, ಬೀದಿ, ಪಿನ್‌ಕೋಡು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ಅವರು ನೋಡಿ, "ಇದು ನೀವು ಆರಿಸಿಕೊಂಡ ವಿಳಾಸ. ನಿಜವಾದದ್ದು ಒಂದು ಹಾಕಿ" ಅಂದರು. ಏನೂ ತೋಚದೆ ಬೆಂಗಳೂರಿನ ಧಾಟಿಯದೇ ಒಂದನ್ನು ಟೈಪ್ ಮಾಡಿದೆ: ನಂ. 27, ಮೊದಲನೇ ಮಹಡಿ, 3ನೇ ಕ್ರಾಸ್, 4ನೇ ಮೇನ್, ಆಂಜನೇಯ ದೇವಸ್ಥಾನದ ಎದುರು.

ಹಳೇ ನಮೂನೆಯಲ್ಲಿ ಹಣ ಕಳಿಸುವ ಸಂದೇಶಕ್ಕೆ ಎಂಟಿ 103 ಅಂತ ಹೆಸರು. ಅದರಲ್ಲಿ ಇದಕ್ಕೆ ತೊಂದರೆಯೇ ಇರಲಿಲ್ಲ. ಹಣ ಪಡೆಯುವವರ ಹೆಸರು, ವಿಳಾಸಕ್ಕೆ ಸಾಲಿಗೆ 35 ಅಕ್ಷರದಂತೆ ನಾಲ್ಕು ಸಾಲು, ಹೇಗೆ ಬೇಕಾದರೂ ತುರುಕಬಹುದಿತ್ತು. ಹೊಸದರಲ್ಲಿ ಊರಿಗೆ ಬೇರೆ ಖಾನೆ, ದೇಶಕ್ಕೆ ಬೇರೆ ಖಾನೆ. ನಮ್ಮ ಸಾಫ್ಟ್‌ವೇರ್ ಕಟ್ಟಡದ ನಂಬರು 4 ಅಂತ ಹಾಕಿ, ಊರಿನ ಹೆಸರು 'ಆಂಜನೇಯ' ಅಂತ ತೋರಿಸಿತು.

ಕಿವಿ ಬಿಸಿಯಾಯಿತು. ಆದರೆ ಮೇಡಂ ನಗಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ತಮ್ಮಲ್ಲಿ ದಿನಾ ಸಿಕ್ಕಿಬೀಳೋದು ಇಂಥವೇ ಅಂದರು. ಬೀದಿಯ ಹೆಸರಲ್ಲಿ ನಿರ್ಬಂಧ ಇರುವ ದೇಶದ್ದೋ ಊರಿನದ್ದೋ ಹೆಸರು ಬಂದರೆ ಸಾಕು, ತಪಾಸಣೆಯ ಸಾಫ್ಟ್‌ವೇರ್ ಪಾವತಿಯನ್ನು ತಡೆದು ನಿಲ್ಲಿಸುತ್ತೆ. ಆಮೇಲೆ ಯಾರೋ ಒಬ್ಬರು ಕೂತು ಕಣ್ಣಲ್ಲಿ ಓದಿ ಬಿಡಬೇಕು. ಊರು, ದೇಶ ಬೇರೆ ಖಾನೆಯಲ್ಲಿದ್ದರೆ ಆ ಗೊಂದಲ ಕಡಿಮೆ. ಅರ್ಧ ಗಂಟೆಯ ಮೀಟಿಂಗ್ ಒಂದು ಗಂಟೆ ದಾಟಿತು, ಮುಂದಿನವರಿಗೆ ಮತ್ತೆ ಕ್ಷಮೆ ಕೇಳಿದೆ.

ಅವತ್ತಿಂದ ಲಂಡನ್ ವಿಳಾಸ ಎತ್ತಿಟ್ಟೆ. ಬಂದವರಿಗೆಲ್ಲ ಆಂಜನೇಯನನ್ನೇ ತೋರಿಸಿ, "ಇದು ನಮಗಿನ್ನೂ ಸರಿಯಾಗಿ ಬರ್ತಿಲ್ಲ, ನೀವು ಏನು ಮಾಡ್ತೀರಿ?" ಅಂತ ಕೇಳಿದೆ. ಸೇಲ್ಸ್‌ನವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಜನ ಮಾತ್ರ ತಮ್ಮ ಗೋಳೆಲ್ಲ ಹೇಳಿಕೊಂಡರು. ದೊಡ್ಡ ವೇದಿಕೆಯ ಭಾಷಣ ಕೇಳಿದ್ದು ಎರಡೇ. ಕೃತಕ ಬುದ್ಧಿಮತ್ತೆ ಬಗ್ಗೆ ಒಂದು, ಇನ್ನೊಂದು ನೆನಪಿಲ್ಲ.

ಸಂಜೆ ಟ್ರೈನಿನಲ್ಲಿ ಕೂತು ಪ್ರತಿ ವಿಸಿಟಿಂಗ್ ಕಾರ್ಡಿನ ಹಿಂದೆ ಆ ಜನ ಕೇಳಿದ ಪ್ರಶ್ನೆ ಬರೆಯುತ್ತಿದ್ದೆ. ಮಿಸ್ಸಿಸಾಗಾ ತಲುಪುವಷ್ಟರಲ್ಲಿ ಮುಗಿಯಬೇಕು, ಇಲ್ಲದಿದ್ದರೆ ಮರುದಿನ ಮುಖವೂ ನೆನಪಿರಲ್ಲ. ವಾಪಸ್ ಬಂದ ವಾರದಲ್ಲೇ ಒಬ್ಬೊಬ್ಬರಿಗೂ ಅವರವರ ಪ್ರಶ್ನೆಗಷ್ಟೇ ಮೂರು ಸಾಲಿನ ಉತ್ತರ ಕಳಿಸಿದೆ. ಬ್ರೋಷರ್ ಲಗತ್ತಿಸಲಿಲ್ಲ.

ಆರು ತಿಂಗಳಲ್ಲಿ ಎರಡು ಕೆಲಸ ಬಂತು, ಎರಡೂ ವಿಳಾಸದ್ದೇ. 2026ರ ನವೆಂಬರ್‌ಗೆ ಊರು, ದೇಶಕ್ಕೆ ಬೇರೆ ಖಾನೆ ಇಲ್ಲದ ವಿಳಾಸ ಪೂರ್ತಿ ನಿಲ್ಲುತ್ತೆ. ನಮ್ಮ ಟೆಸ್ಟ್ ಫೈಲಿನಲ್ಲಿ ಮೊದಲನೇ ಸಾಲು ಈಗಲೂ ಆ ದೇವಸ್ಥಾನದ ಎದುರಿನ ಮನೆಯದೇ.